ಹುಲ್ಲಿನೊಳಗಣ ಬೆಂಕಿ

ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಹುಲ್ಲಿನ ವಿಷಯವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ನಗು ಬಂದೀತು. ನಮ್ಮ ಭಾಷೆಯಲ್ಲಿ ಹುಲ್ಲಿಗೆ ಇರುವ ಮರ್ಯಾದೆ ಅಷ್ಟರಲ್ಲೇ ಇದೆ. ಯಾರನ್ನಾದರೂ ಹೀಗಳೆಯಬೇಕಾದರೆ ಹುಲ್ಲುಕಡ್ಡಿಗೆ ಹೋಲಿಸುತ್ತೇವೆ. ಮನುಷ್ಯನ ಅಲ್ಪತ್ವವನ್ನು ಹೇಳಬೇಕಾದಾಗ 'ಹುಲುಮಾನವ' ಎನ್ನುತ್ತೇವೆ. ಚರಿತ್ರೆಯ ಪುಸ್ತಕಗಳೂ ಇದೇ ಜಾಡಿನವು. ದಂಡೆತ್ತಿ ಹೋದ ಅರಸನ ಹೆಸರು ಅಲ್ಲಿ ಉಂಟು, ಅವನ ಕುದುರೆಯ ಹೆಸರೂ ಒಮ್ಮೊಮ್ಮೆ ಉಂಟು. ಆ ಕುದುರೆ ತಿಂದ ಹುಲ್ಲನ್ನು ಯಾರು ಕೊಯ್ದರು, ಎಲ್ಲಿ ಒಣಗಿಸಿದರು, ಹೇಗೆ ಕೂಡಿಟ್ಟರು ಎಂಬ ಮಾತು ಮಾತ್ರ ಇಲ್ಲ. ನಾನೂ ಆ ಬಗ್ಗೆ ಯೋಚಿಸಿದವನಲ್ಲ. 2019ರ ಜುಲೈ ತಿಂಗಳಲ್ಲಿ ಅಮೆರಿಕದ ಅಯೋವಾ ಸಂಸ್ಥಾನದ ಒಂದು ಹುಲ್ಲುಮನೆಯಲ್ಲಿ ನಿಂತು, ರೈತನೊಬ್ಬ ಮಾಡಿದ ಸಣ್ಣ ಕೆಲಸವೊಂದನ್ನು ಕಾಣದೆ ಹೋಗಿದ್ದರೆ ಇಂದಿಗೂ ಯೋಚಿಸುತ್ತಿರಲಿಲ್ಲ.

ಆ ವರ್ಷ ಏಮ್ಸ್ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಹೋಗಿದ್ದೆ. ಊರಿನಿಂದ ಹೊರಬಿದ್ದರೆ ಕಣ್ಣು ಹಾಯುವವರೆಗೂ ಮುಸುಕಿನ ಜೋಳ, ಸೋಯಾ ಅವರೆ, ನಡುನಡುವೆ ಹುಲ್ಲುಗಾವಲು. ಮಗಳಿಗೆ ಪರಿಚಿತನಾದ ಒಬ್ಬ ವೃದ್ಧ ರೈತ ತನ್ನ ಹುಲ್ಲುಮನೆಯನ್ನು ತೋರಿಸಿದ. ಅವರು ಅದನ್ನು 'ಬಾರ್ನ್' ಎನ್ನುತ್ತಾರೆ. ಒಳಗೆ ಆಳೆತ್ತರದ ಹುಲ್ಲಿನ ಉರುಳೆಗಳು ಸಾಲುಗಟ್ಟಿ ನಿಂತಿದ್ದವು. ಚಾಪೆ ಸುತ್ತಿದಂತೆ ಸುತ್ತಿದ ಒಂದೊಂದು ಉರುಳೆಯ ಅಡ್ಡಳತೆ ಐದಾರು ಅಡಿ, ತೂಕ 500 ಕಿಲೋ ಆಸುಪಾಸು. ನಾನು ಆ ಗಾತ್ರಕ್ಕೆ ಬೆರಗಾಗಿ ನಿಂತಿರುವಾಗ ಅವನು ಮೂಲೆಯಿಂದ ಉದ್ದನೆಯ ಉಕ್ಕಿನ ಸಲಾಕೆಯೊಂದನ್ನು ತಂದು ಒಂದು ಉರುಳೆಯ ಹೊಟ್ಟೆಗೆ ಚುಚ್ಚಿದ; ಸ್ವಲ್ಪ ಹೊತ್ತು ಕಾದು ಅದರ ತಲೆಯ ಮೇಲಿದ್ದ ಮಾಪಕವನ್ನು ನೋಡಿ ಸಮಾಧಾನದಿಂದ ತಲೆದೂಗಿದ. ಜ್ವರ ಬಂದ ಮಗುವಿನ ಮೈ ಮುಟ್ಟಿ ನೋಡುವ ತಾಯಿಯ ರೀತಿ ಅದು. ಏಕೆಂದು ಕೇಳಿದೆ. ಒಳಗೆ ಬೆಂಕಿ ಹುಟ್ಟದಂತೆ ನೋಡಿಕೊಳ್ಳಬೇಕಲ್ಲ ಎಂದ. ತನ್ನ ತಂದೆಯ ಕಾಲದಲ್ಲಿ ಸಲಾಕೆ ಇರಲಿಲ್ಲ, ಮೂಗೇ ಸಲಾಕೆಯಾಗಿತ್ತು, ಹುಲ್ಲುಮನೆಯಿಂದ ಸುಟ್ಟ ಸಕ್ಕರೆಯ ವಾಸನೆ ಬಂದರೆ ಮನೆಯವರು ಯಾರೂ ಆ ರಾತ್ರಿ ಮಲಗುತ್ತಿರಲಿಲ್ಲ ಎಂದೂ ಹೇಳಿದ.

ಆ ಮಾತು ಕೇಳಿ ನಾನು ನಿಂತಲ್ಲೇ ನಿಂತೆ. ಅದರ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಹುಲ್ಲಿನ ಕಥೆಯನ್ನೇ ಸ್ವಲ್ಪ ನೋಡೋಣ.

ಕನ್ನಡದಲ್ಲಿ ನಾವು ಎರಡು ಬೇರೆ ಬೇರೆ ವಸ್ತುಗಳನ್ನು ಹುಲ್ಲು ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಭತ್ತ, ರಾಗಿಗಳನ್ನು ಒಕ್ಕಿದ ಮೇಲೆ ಉಳಿಯುವುದೂ ಹುಲ್ಲೇ. ದನಕ್ಕೆಂದೇ ಕೊಯ್ದು ಒಣಗಿಸಿದ್ದೂ ಹುಲ್ಲೇ. ಮೊದಲನೆಯದು ಧಾನ್ಯದ ಜೊತೆ ಬರುವ ಉಪಲಾಭ. ಒಕ್ಕುವ ಹೊತ್ತಿಗೆ ಬಹುಮಟ್ಟಿಗೆ ತಾನೇ ಒಣಗಿರುತ್ತದೆ. ಎರಡನೆಯದು ಹಾಗಲ್ಲ. ಅದನ್ನು ಹಸಿಯಿರುವಾಗಲೇ ಕೊಯ್ಯಬೇಕು. ಬಲಿತು ಒಣಗುವವರೆಗೆ ಕಾದರೆ ಸಾರ ಹೋಗಿ ಬರಿಯ ನಾರು ಉಳಿಯುತ್ತದೆ. ಕೊಯ್ದ ಹಸಿಹುಲ್ಲಿನ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಅದನ್ನು ಬಿಸಿಲು ಗಾಳಿಗಳಿಗೆ ಒಡ್ಡಿ, ನೀರಿನ ಅಂಶವನ್ನು ಐದರಲ್ಲಿ ಒಂದು ಪಾಲಿಗಿಂತ ಕೆಳಗೆ ಇಳಿಸಿ, ಆಮೇಲೆ ಕೂಡಿಡಬೇಕು. ನಾಡೆಲ್ಲ ಒಕ್ಕಿದ ಹುಲ್ಲನ್ನೇ ನಂಬಿದ ನಮ್ಮಲ್ಲಿ ಈ ಎರಡನೆಯ ಬಗೆ ಕಡಮೆ. ಉತ್ತರದ ಚಳಿನಾಡುಗಳಲ್ಲಿ ಮಾತ್ರ ಅದೇ ಬದುಕಿನ ಆಧಾರ. ಅಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ನೆಲದಲ್ಲಿ ಹಸಿರು ಕುಡಿಯೊಡೆಯುವುದಿಲ್ಲ. ಒಂದು ಹಸುವಿಗೆ ದಿನಕ್ಕೆ 12-13 ಕಿಲೋ ಒಣಹುಲ್ಲು ಎಂದು ಹಿಡಿದರೂ 150 ದಿನಕ್ಕೆ ಸುಮಾರು ಎರಡು ಟನ್ ಬೇಕು; ಎಂದರೆ ನಾನು ಕಂಡಂಥ ಉರುಳೆಗಳು ನಾಲ್ಕು.

ಈ ಲೆಕ್ಕ ತಪ್ಪಿದವನು ಹಿಂದೆ ಏನು ಮಾಡುತ್ತಿದ್ದ? ದನಗಳನ್ನು ಕಡಿಯುತ್ತಿದ್ದ. ಎಂಟನೆಯ ಶತಮಾನದ ಇಂಗ್ಲೆಂಡಿನ ಸಂನ್ಯಾಸಿ, ಚರಿತ್ರಕಾರ ಬೀಡ್ ತನ್ನ ಜನರ ಹಳೆಯ ತಿಂಗಳುಗಳನ್ನು ಪಟ್ಟಿ ಮಾಡುವಾಗ ನವೆಂಬರಿಗೆ 'ಬ್ಲೋಡ್‌ಮೋನತ್' ಎಂಬ ಹೆಸರನ್ನು ಕೊಟ್ಟಿದ್ದಾನೆ. ಬಲಿಯ ತಿಂಗಳು ಎಂದು ಅದರ ಅರ್ಥ. ಕಡಿಯಬೇಕಾದ ದನಗಳನ್ನು ಆ ತಿಂಗಳು ದೇವತೆಗಳಿಗೆ ಒಪ್ಪಿಸುತ್ತಿದ್ದರಂತೆ. ಯುರೋಪಿನ ಮಹಾಚಕ್ರವರ್ತಿ ಶಾರ್ಲ್‌ಮೇನ್ ತಿಂಗಳುಗಳಿಗೆ ತನ್ನ ಭಾಷೆಯ ಹೆಸರುಗಳನ್ನಿಟ್ಟನೆಂದು ಅವನ ಚರಿತ್ರೆಯನ್ನು ಬರೆದ ಐನ್‌ಹಾರ್ಡ್ ಹೇಳುತ್ತಾನೆ. ಅದರಲ್ಲಿ ಜುಲೈಗೆ ಬಂದ ಹೆಸರು 'ಹ್ಯೂವಿಮಾನೋತ್', ಒಣಹುಲ್ಲಿನ ತಿಂಗಳು. ಜುಲೈಯ ಹುಲ್ಲು ಸಾಲದಾದರೆ ನವೆಂಬರಿನ ಕತ್ತಿ ಹೊರಬರಲೇಬೇಕು. ಈ ಎರಡು ಹೆಸರುಗಳ ನಡುವೆ ಒಂದು ಜನಾಂಗದ ಭಯವೆಲ್ಲ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಬಿಸಿಲಿರುವಾಗಲೇ ಹುಲ್ಲು ಒಣಗಿಸಿಕೋ ಎಂಬ ಇಂಗ್ಲಿಷ್ ಗಾದೆ 1546ರ ಜಾನ್ ಹೇವುಡ್‌ನ ಗಾದೆಗಳ ಪುಸ್ತಕದಲ್ಲಿದೆ. ನಮ್ಮವರು ಗಾಳಿ ಬಂದಾಗ ತೂರಿಕೋ ಎಂದರು. ಅವರ ಆತಂಕ ಹುಲ್ಲಿನದು, ನಮ್ಮ ಆತಂಕ ಕಾಳಿನದು.

ಇಪ್ಪತ್ತನೆಯ ಶತಮಾನದ ಪ್ರಸಿದ್ಧ ಭೌತವಿಜ್ಞಾನಿ ಫ್ರೀಮನ್ ಡೈಸನ್ 1988ರಲ್ಲಿ ಪ್ರಕಟವಾದ ತಮ್ಮ ಗ್ರಂಥವೊಂದರಲ್ಲಿ ಒಂದು ಸ್ವಾರಸ್ಯದ ಮಾತನ್ನು ಮುಂದಿಟ್ಟರು. ನಾಗರಿಕತೆಯ ಕೇಂದ್ರ ಮೆಡಿಟರೇನಿಯನ್ ತೀರದಿಂದ ಪ್ಯಾರಿಸ್, ಲಂಡನ್ನುಗಳತ್ತ ಸರಿಯಲು ಒಣಹುಲ್ಲೇ ಕಾರಣ; ಚಳಿಗಾಲದಲ್ಲಿಯೂ ಹುಲ್ಲು ಬೆಳೆಯುವ ರೋಮಿನಲ್ಲಿ ಅದರ ಅಗತ್ಯವಿರಲಿಲ್ಲ; ಕತ್ತಲೆಯ ಯುಗವೆನಿಸಿದ ಕಾಲದಲ್ಲಿ ಯಾರೋ ಹೆಸರಿಲ್ಲದವರು ಅದನ್ನು ಕಂಡುಹಿಡಿದರು ಎಂದು. ಹೆಸರಿಲ್ಲದವರ ಪರವಾಗಿ ವಿಜ್ಞಾನಿಯೊಬ್ಬ ಮಾತನಾಡಿದ್ದು ನನಗೆ ತುಂಬ ಮೆಚ್ಚಿಕೆಯಾಯಿತು. ಆದರೆ ಚರಿತ್ರೆ ಅದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಒಂದನೆಯ ಶತಮಾನದ ರೋಮನ್ ಲೇಖಕ ಕೊಲುಮೆಲ್ಲ ಬೇಸಾಯವನ್ನು ಕುರಿತು ಹನ್ನೆರಡು ಭಾಗಗಳ ಗ್ರಂಥವನ್ನು ಬರೆದಿದ್ದಾನೆ. ಲೋಕಕ್ಕೆ ಬೇಕಾದ ತಿಳಿವಳಿಕೆಯನ್ನು ಗ್ರಂಥಕ್ಕಿಳಿಸುವ ಉದ್ದೇಶದಲ್ಲಿ ನಮ್ಮ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ವನ್ನು ನೆನಪಿಗೆ ತರುವ ಕೃತಿ ಅದು. ಅದರ ಎರಡನೆಯ ಭಾಗದಲ್ಲಿಯೇ ಹುಲ್ಲನ್ನು ಕೊಯ್ದು ಕೂಡಿಡುವ ಕ್ರಮವಿದೆ. ಹುಲ್ಲು ತೀರ ಒಣಗಿರಬಾರದು, ಸಾರ ಹೋಗುತ್ತದೆ. ಹಸಿಯಾಗಿಯೂ ಇರಬಾರದು, ಅಟ್ಟದಲ್ಲಿ ಕೊಳೆಯುತ್ತದೆ. ಮಾತ್ರವಲ್ಲ, ಕಾವೇರಿ ಎಷ್ಟೋ ಸಲ ತಾನೇ ಬೆಂಕಿ ಹುಟ್ಟಿಸುತ್ತದೆ ಎಂಬುದು ಅವನ ಮಾತಿನ ಭಾವ. ಅಯೋವಾದ ರೈತ ಸಲಾಕೆಯಿಂದ ಅಳೆಯುತ್ತಿದ್ದ ಅಪಾಯವನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಒಬ್ಬ ಬರೆದಿಟ್ಟಿದ್ದ.

ನೀರು ತಾಗಿದ ಹುಲ್ಲಿನಿಂದ ಬೆಂಕಿ ಹುಟ್ಟುವುದು ಹೇಗೆ? ಕೊಯ್ದ ಹುಲ್ಲು ಕೂಡಲೇ ಸಾಯುವುದಿಲ್ಲ. ತೇವ ಇರುವವರೆಗೆ ಉಸಿರಾಡುತ್ತದೆ, ಆ ಉಸಿರಿನಲ್ಲಿ ಕಾವು ಹುಟ್ಟುತ್ತದೆ. ಅದರ ಮೇಲೆ ಸೂಕ್ಷ್ಮಜೀವಿಗಳೂ ಬೂಷ್ಟೂ ಬೆಳೆದು ಇನ್ನಷ್ಟು ಕಾವೇರಿಸುತ್ತವೆ. ತೆಳ್ಳಗೆ ಹರಡಿದ್ದರೆ ಅದು ಗಾಳಿಗೆ ಹೋಗಿಬಿಡುತ್ತಿತ್ತು. ಒತ್ತಿ ತುಂಬಿದ ರಾಶಿಯ ನಡುವಿನಿಂದ ಹೊರಬರಲು ದಾರಿಯಿಲ್ಲ. ಸುಮಾರು 70 ಡಿಗ್ರಿ ಸೆಂಟಿಗ್ರೇಡ್ ಮೀರಿತೆಂದರೆ ಸೂಕ್ಷ್ಮಜೀವಿಗಳೂ ಬಹುಪಾಲು ಸಾಯುತ್ತವೆ, ಆದರೆ ಅಷ್ಟರಲ್ಲಿ ರಾಸಾಯನಿಕ ಕ್ರಿಯೆ ಮೊದಲಾಗಿರುತ್ತದೆ. ಹುಲ್ಲಿನ ಸಕ್ಕರೆಯ ಅಂಶ ಕಂದುಗಟ್ಟಿ ಕಾಕಂಬಿಯಂಥ ವಾಸನೆ ಬರುತ್ತದೆ. ಆಮೇಲೆ ನಡುವಿನ ಹುಲ್ಲು ಇದ್ದಿಲಾಗುತ್ತ ಹೋಗುತ್ತದೆ. ಹೊರಗೆ ಹೊಗೆಯೂ ಕಾಣದಿರಬಹುದು. ಯಾವಾಗಲೋ ಅಷ್ಟಿಷ್ಟು ಗಾಳಿ ಒಳಹೊಕ್ಕಿತು, ಅಥವಾ ಯಾರೋ ರಾಶಿಯನ್ನು ಕೆದಕಿದರು ಎನ್ನಿ. ಧಗ್ಗನೆ ಜ್ವಾಲೆ ಏಳುತ್ತದೆ. ಕೂಡಿಟ್ಟ ಎರಡು ವಾರದಿಂದ ಆರು ವಾರದವರೆಗೆ ಈ ಭಯ ಹೆಚ್ಚು. ಅದಕ್ಕಾಗಿಯೇ ಬುದ್ಧಿವಂತ ರೈತ ಸಂದೇಹದ ಹುಲ್ಲನ್ನು ಕೂಡಲೇ ಒಳಗೆ ತುಂಬುವುದಿಲ್ಲ. ಕೆಲವು ವಾರ ಹೊರಗೇ ಬಿಡಿಬಿಡಿಯಾಗಿ ಇಟ್ಟು, ಕಾವು ಇಳಿದ ಮೇಲೆ ಒಳಗೆ ತರುತ್ತಾನೆ.

ಇಲ್ಲಿ ಇನ್ನೊಂದು ಚರಿತ್ರೆಯನ್ನು ನೆನೆಯಬೇಕು. ಬಣವೆ ಉರಿದಾಗ ಒಡೆಯನು ಮೊದಲು ನೋಡುವುದು ಹುಲ್ಲಿನ ತೇವವನ್ನಲ್ಲ, ಆಳಿನ ಕೈಯನ್ನು. 1830ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಕೂಲಿಗಾರರು ಒಕ್ಕಣೆ ಯಂತ್ರಗಳನ್ನು ಮುರಿಯತೊಡಗಿದರು. ಚಳಿಗಾಲದಲ್ಲಿ ಅವರಿಗೆ ಅನ್ನ ಕೊಡುತ್ತಿದ್ದ ಕೈ ಒಕ್ಕಣೆಯ ಕೆಲಸವನ್ನು ಆ ಯಂತ್ರ ಕಿತ್ತುಕೊಂಡಿತ್ತು. 'ಕ್ಯಾಪ್ಟನ್ ಸ್ವಿಂಗ್' ಎಂಬ ಇಲ್ಲದ ನಾಯಕನ ಹೆಸರಿನಲ್ಲಿ ಬೆದರಿಕೆಯ ಪತ್ರಗಳು ಬಂದವು, ಬಣವೆಗಳು ಉರಿದವು. ಕೊನೆಗೆ 19 ಮಂದಿಯನ್ನು ಗಲ್ಲಿಗೇರಿಸಿದರು. ಸುಮಾರು 500 ಮಂದಿಯನ್ನು ಸಮುದ್ರದಾಚೆಯ ಆಸ್ಟ್ರೇಲಿಯದ ವಸಾಹತುಗಳಿಗೆ ಗಡೀಪಾರು ಮಾಡಿದರು. ಆ ಬೆಂಕಿಗಳು ಬಹುಮಟ್ಟಿಗೆ ಹಸಿದವರು ಹಚ್ಚಿದವೇ, ಅದರಲ್ಲಿ ಸಂಶಯವಿಲ್ಲ. ಆದರೆ ಸಂದೇಹದ ಗಾಳಿ ಬೀಸುತ್ತಿದ್ದ ಅಂಥ ಕಾಲದಲ್ಲಿ ತನ್ನ ಬಣವೆ ಉರಿದ ಯಾವ ಜಮೀನುದಾರ ತಾನೆ, ನಾನೇ ಹಸಿಹುಲ್ಲು ಒಟ್ಟಿಸಿದೆನೋ ಏನೋ ಎಂದು ಕೇಳಿಕೊಂಡಾನು?

ಉರುಳೆಯ ಕಥೆಯೂ ಕೂಲಿಯ ಕೈಗಳ ಕಥೆಯೇ. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಬಹುಕಾಲ ಬಿಡಿ ಹುಲ್ಲನ್ನೇ ಕವೆಗೋಲಿನಿಂದ ಎತ್ತಿ ಬಾರ್ನಿನ ಅಟ್ಟಕ್ಕೆ ತುಂಬುತ್ತಿದ್ದರು. 1867ರಲ್ಲಿ ಅಯೋವಾದವನೇ ಆದ ವಿಲಿಯಂ ಲೌಡನ್ ಸೂರಿನಡಿಯ ಹಳಿಯ ಮೇಲೆ ಓಡುತ್ತ ಹುಲ್ಲನ್ನು ಒಯ್ಯುವ ಸಾಧನಕ್ಕೆ ಸ್ವಾಮ್ಯದ ಹಕ್ಕು ಪಡೆದ. ಆಮೇಲೆ ಹುಲ್ಲನ್ನು ಒತ್ತಿ ಚೌಕನೆಯ ಪಿಂಡಿ ಕಟ್ಟುವ ಯಂತ್ರಗಳು ಬಳಕೆಗೆ ಬಂದವು. ನೆಬ್ರಾಸ್ಕ ಸಂಸ್ಥಾನದ ಸಟನ್ ಎಂಬ ಊರಿನ ಉಮೊ ಲೂಬನ್ ಹುಲ್ಲನ್ನು ಸುರುಳಿ ಸುತ್ತುವ ಯಂತ್ರವನ್ನು ಕಲ್ಪಿಸಿ 1910ರಲ್ಲಿ ಹಕ್ಕು ಪಡೆದ. ಮಳೆಯ ನೀರು ಚೌಕದೊಳಕ್ಕೆ ಇಳಿಯುತ್ತದೆ, ದುಂಡಗಿನ ಬೆನ್ನಿನಿಂದ ಜಾರಿಹೋಗುತ್ತದೆ ಎಂಬುದೇ ಸುರುಳಿಯ ಗುಣ. ಆ ಹಕ್ಕನ್ನು ಕೊಂಡ ಆಲಿಸ್-ಚಾಮರ್ಸ್ ಕಂಪನಿ 1947ರಲ್ಲಿ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಉರುಳೆಗಳು ಚಿಕ್ಕವು, ಒಬ್ಬ ಆಳು ಎತ್ತಬಹುದಾದವು.

ಎತ್ತುವ ಆಳುಗಳು ಪಟ್ಟಣ ಸೇರಿದರು. 1966ರಲ್ಲಿ ಏಮ್ಸ್‌ನ ಅಯೋವಾ ಸಂಸ್ಥಾನ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ವೆಸ್ಲಿ ಬುಕೆಲಿ ಮತ್ತು ಅವರ ವಿದ್ಯಾರ್ಥಿ ವರ್ಜಿಲ್ ಹ್ಯಾವರ್‌ಡಿಂಕ್ ಯಂತ್ರವೇ ಎತ್ತಿ ಸಾಗಿಸುವ ಹಿರಿಯ ಉರುಳೆಯನ್ನು ಕುರಿತು ಪ್ರಯೋಗ ನಡೆಸಿದರು. 1971ರಲ್ಲಿ ಅದೇ ಸಂಸ್ಥಾನದ ಪೆಲ್ಲಾ ಊರಿನ ಗ್ಯಾರಿ ವರ್ಮೀರ್ ದೊಡ್ಡ ಉರುಳೆಯ ಯಂತ್ರವನ್ನು ತಯಾರಿಸಿದ. ಹುಲ್ಲಿನ ಕೆಲಸದ ಹೊರೆ ತಾಳಲಾರದೆ ದನ ಸಾಕುವುದನ್ನೇ ಬಿಡುತ್ತೇನೆ ಎಂದ ಪರಿಚಿತನೊಬ್ಬನ ಮಾತು ಅವನನ್ನು ಆ ಕೆಲಸಕ್ಕೆ ಹಚ್ಚಿತೆಂದು ಹೇಳುತ್ತಾರೆ. ಹತ್ತಾರು ಮಂದಿಯ ಕೆಲಸವನ್ನು ಈಗ ಒಬ್ಬನು ಟ್ರಾಕ್ಟರಿನ ಮೇಲೆ ಕುಳಿತು ಮಾಡಬಲ್ಲ.

ದುಂಡಗಿದೆಯಲ್ಲ, ಮಳೆಗೆ ಹೊರಗೇ ಬಿಟ್ಟರಾಯಿತು ಎಂದು ಅನೇಕರು ಬಿಟ್ಟರು. ಇಲ್ಲಿ ಜ್ಯಾಮಿತಿ ಒಂದು ಪಾಠ ಕಲಿಸಿತು. ಆರು ಅಡಿ ಅಡ್ಡಳತೆಯ ಉರುಳೆಯಲ್ಲಿ ಹೊರಗಿನ ಅರ್ಧ ಅಡಿ ಮಾತ್ರ ಕೊಳೆತಿತೆನ್ನಿ. ಅರ್ಧ ಅಡಿ ಏನು ಮಹಾ ಎನಿಸುತ್ತದೆ. ಲೆಕ್ಕ ಹಾಕಿದರೆ ನೂರರಲ್ಲಿ ಮೂವತ್ತು ಪಾಲು ಹುಲ್ಲು ಆ ಅರ್ಧ ಅಡಿಯಲ್ಲಿಯೇ ಇದೆ! ಸಾಲದ್ದಕ್ಕೆ ಅಡಿಯ ಹುಲ್ಲು ನೆಲದ ತೇವವನ್ನು ಹೀರುತ್ತದೆ. ಆದುದರಿಂದ ಉರುಳೆಗಳು ಮತ್ತೆ ಸೂರಿನ ಕೆಳಗೆ ಬಂದವು. ಆ ವೃದ್ಧ ರೈತ ನೆಲಕ್ಕೆ ಜಲ್ಲಿ ಹಾಸಿ, ಮೇಲೆ ಮರದ ಹಲಗೆಗಳನ್ನು ಜೋಡಿಸಿ, ಸಾಲಿನ ನಡುವೆ ಗಾಳಿಗೆ ದಾರಿ ಬಿಟ್ಟು ಅವುಗಳನ್ನು ಇಟ್ಟಿದ್ದ. ಹಿಂದಿನ ವರ್ಷದ ಹುಲ್ಲು ಒಂದು ಕಡೆ, ಈ ವರ್ಷದ್ದು ಒಂದು ಕಡೆ. ದನದ ಕೊಟ್ಟಿಗೆ ದೂರದಲ್ಲಿ ಬೇರೆಯೇ ಇತ್ತು. ಹುಲ್ಲಿಗೆ ಬೆಂಕಿ ಬಿದ್ದರೂ ದನಕ್ಕೆ ತಾಗಬಾರದಲ್ಲ ಎಂದ.

ಇನ್ನು ನನ್ನ ಮಾತು. ನಾನು ಹುಟ್ಟಿದ್ದು ಸಾಗರದ ಸೀಮೆಯ ಒಂದು ಅಡಕೆ ತೋಟದ ಮನೆಯಲ್ಲಿ. ಒಕ್ಕಿದ ಹುಲ್ಲಿನದೇ ಪ್ರಾಬಲ್ಯವಿರುವ ಈ ನಾಡಿನಲ್ಲಿ ಮಲೆನಾಡು ಒಂದು ಅಪವಾದ. ಮಳೆ ನಿಂತ ಮೇಲೆ ಬೇಣದಲ್ಲಿ ಬೆಳೆದ ಕರಡವನ್ನು ಕೊಯ್ದು, ಒಣಗಿಸಿ, ಕೊಟ್ಟಿಗೆಯ ಅಟ್ಟಕ್ಕೆ ತುಂಬುವ ರೂಢಿ ನಮ್ಮಲ್ಲಿತ್ತು. ಅಯೋವಾಕ್ಕೆ ಹಿಮ ಹೇಗೋ ನಮಗೆ ಆರಿದ್ರೆಯ ಜಡಿಮಳೆ ಹಾಗೆ; ದನ ಹೊರಗೆ ಹೋಗಲಾರದ ದಿನಗಳಿಗೆ ಅಟ್ಟದ ಹುಲ್ಲೇ ಗತಿ. 1969ನೆಯ ಇಸವಿ, ನನಗೆ ಒಂಬತ್ತು ವರ್ಷ. ಡಿಸೆಂಬರಿನ ಮೊದಲಲ್ಲಿ ಅಕಾಲದ ಮೋಡ ಕವಿಯಿತು. ಕರಡ ಬೇಣದಲ್ಲಿ ಕೊಯ್ದು ಬಿದ್ದಿತ್ತು. ರಾತ್ರಿ ಹನಿದದ್ದೂ ಉಂಟು. ಮರುದಿನ ಅಜ್ಜ ಅವಸರದಿಂದ ಹೊರೆ ಕಟ್ಟಿಸಿದರು. ಕೊಟ್ಟಿಗೆಯ ಆಳು ಹೊರೆಯೊಳಗೆ ಕೈ ತೂರಿಸಿ ನೋಡಿ, "ಒಡೆಯಾ, ಇನ್ನೂ ಹಸಿ ಐತೆ. ಇನ್ನೆರಡು ಬಿಸ್ಲು ಕಾಣ್ಲಿ" ಎಂದ. "ಮೋಡ ಕಾಣೂದಿಲ್ಲವಾ ನಿಂಗೆ? ತುಂಬು" ಎಂದರು ಅಜ್ಜ. ಜಗಲಿಯ ಕಟ್ಟೆಯ ಮೇಲೆ ಕುಳಿತಿದ್ದ ನಾನು ಇದನ್ನು ಕೇಳಿದೆ.

ಎರಡು ವಾರ ಕಳೆದಿರಬಹುದು. ಕೊಟ್ಟಿಗೆಯ ಕಡೆಯಿಂದ ಒಂದು ಬಗೆಯ ಸಿಹಿ ಕಮಟು ವಾಸನೆ ಬರತೊಡಗಿತು. ಎಲ್ಲೋ ಆಲೆಮನೆ ಹೂಡಿದ್ದಾರೆ, ಬೆಲ್ಲ ಕಾಯಿಸುತ್ತಿದ್ದಾರೆ ಎಂದು ನಾವು ಮಕ್ಕಳು ಕುಣಿದಾಡಿದೆವು. ನಾಲ್ಕಾರು ದಿನದ ಮೇಲೆ ನಡುರಾತ್ರಿ ಕೊಟ್ಟಿಗೆ ಹೊತ್ತಿ ಉರಿಯಿತು. ಆ ಆಳೇ ಬೆಂಕಿಯೊಳಗೆ ನುಗ್ಗಿ ದನಗಳ ಕಣ್ಣಿ ಕೊಯ್ದು ಅಟ್ಟಿದ. ಒಂದು ಹಸುವನ್ನೂ ಒಂದು ಕರುವನ್ನೂ ಉಳಿಸಲಾಗಲಿಲ್ಲ. ಬೆಳಗಾದಾಗ ಅಂಗಳದಲ್ಲಿ ವಿಚಾರಣೆಯಾಯಿತು. ಅಟ್ಟದಲ್ಲಿ ದೀಪವಿರಲಿಲ್ಲ, ಬೆಂಕಿ ಎಲ್ಲಿಂದ ಬಂತು? ಅವನು ಬೀಡಿ ಸೇದುವವನು. ಅಜ್ಜ ನನ್ನನ್ನು ಕರೆದು, "ಇವನು ಬೀಡಿ ಸೇದುವುದನ್ನು ನೀನು ಕಂಡಿದ್ದೀಯೇನೋ?" ಎಂದು ಕೇಳಿದರು. ನಾನು ಕಂಡಿದ್ದೆ, ಬಾವಿಯ ಕಟ್ಟೆಯ ಬಳಿ, ಎಷ್ಟೋ ಸಲ. ಹೌದೆಂದು ತಲೆಯಾಡಿಸಿದೆ. ಎಲ್ಲಿ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹುಲ್ಲು ಹಸಿಯಿದೆ ಎಂದು ಅವನೇ ಹೇಳಿದ್ದನ್ನೂ ಹೇಳಲಿಲ್ಲ. ಅವನು ಮಾತ್ರ ಒಮ್ಮೆ "ಅಟ್ಟದಾಗೆ ಸೇದಿಲ್ಲ ಒಡೆಯಾ" ಎಂದ. ಮಾರನೆಯ ದಿನ ಹೆಂಡತಿ ಮಕ್ಕಳೊಡನೆ ಘಟ್ಟ ಇಳಿದುಹೋದವನು ಮತ್ತೆ ನಮ್ಮ ಊರಿಗೆ ಬರಲಿಲ್ಲ.

ಅಜ್ಜ ಕ್ರೂರಿಯಾಗಿರಲಿಲ್ಲ. ಹುಲ್ಲಿನಿಂದ ಬೆಂಕಿ ಹುಟ್ಟೀತೆಂಬುದು ಅವರಿಗೆ ತಿಳಿದಿರಲಿಲ್ಲ. ಕೊಲುಮೆಲ್ಲನನ್ನು ಅವರು ಓದುವಂತಿರಲಿಲ್ಲ. ಆ ಆಳೂ ಓದಿರಲಿಲ್ಲ. ಆದರೆ ಹೊರೆಯೊಳಗೆ ಕೈಯಿಟ್ಟು ನೋಡಿದ್ದ. ಅಯೋವಾದ ರೈತ ಸಕ್ಕರೆಯ ವಾಸನೆಯ ಮಾತೆತ್ತಿದಾಗ ಐವತ್ತು ವರ್ಷಗಳ ಹಿಂದಿನ ಆಲೆಮನೆಯ ವಾಸನೆ ನನ್ನ ಮೂಗಿಗೆ ಬಂತು. ಆ ವರ್ಷ ನಮ್ಮ ಸುತ್ತಿನಲ್ಲಿ ಆಲೆಮನೆ ಹೂಡಿದ್ದು ಸಂಕ್ರಾಂತಿ ಕಳೆದ ಮೇಲೆ. ಡಿಸೆಂಬರಿನಲ್ಲಿ ಬೆಲ್ಲ ಕಾಯಿಸಿದವರು ಯಾರು?

ಇದು ಪ್ರಮಾಣವಲ್ಲ ಎಂಬುದನ್ನು ಬಲ್ಲೆ. ಬೀಡಿಯ ಕಿಡಿಯೇ ಬಿದ್ದಿರಲೂಬಹುದು. ಆದರೆ ಅವನ ಮೇಲೆ ಹೊರಿಸಿದ ಅಪರಾಧಕ್ಕೆ ಇದ್ದ ಸಾಕ್ಷಿ ನನ್ನ ತಲೆಯಾಡಿಸುವಿಕೆಯೊಂದೇ. ಅವನ ಪರವಾಗಿರುವ ಸಾಕ್ಷಿ ಇಂದು ನಾನು ಹೇಳಿದಷ್ಟು. ಈಗ ನಮ್ಮ ಗದ್ದೆಗಳಲ್ಲಿಯೂ ಯಂತ್ರಗಳು ಓಡಾಡಿ ಭತ್ತದ ಹುಲ್ಲನ್ನು ಸುರುಳಿ ಸುತ್ತಿ ಬಿಸುಡುವುದನ್ನು ಕಾಣುತ್ತೇವೆ. ಅವನ್ನು ಕೊಂಡು ಕೊಟ್ಟಿಗೆಗೆ ತುಂಬುವವರು ಒಮ್ಮೆ ಒಳಗೆ ಕೈಯಿಟ್ಟು ನೋಡಲಿ. ಹಸಿ ಇದೆ ಎಂದು ಆಳು ಹೇಳಿದರೆ ಎರಡು ಬಿಸಿಲು ಕಾಯಲಿ. ಆ ಮನುಷ್ಯನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಅವನ ಮಕ್ಕಳೋ ಮೊಮ್ಮಕ್ಕಳೋ ಘಟ್ಟದ ಕೆಳಗೆ ಎಲ್ಲಿಯಾದರೂ ಈ ಮಾತನ್ನು ಕೇಳುತ್ತಿದ್ದರೆ ಅವರಿಗೆ ಗುರುತು ಸಿಕ್ಕೀತು. ಕರಡ ಹಸಿಯಿದೆ ಎಂದು ಅವನು ಹೇಳಿದ್ದನ್ನು ನಾನು ಕೇಳಿದ್ದೆ. ಅಂದು ಅಂಗಳದಲ್ಲಿ ಹೇಳಬೇಕಾಗಿದ್ದ ಮಾತು ಅದು.